ಕಾಯಿಲೆ ಇದ್ದೂ ಮರೆವು ಬಾರದ ಮಿದುಳು: ಅದರ ಜೀನ್‌ಗಳನ್ನು ಲ್ಯಾಪ್‌ಟಾಪಲ್ಲೇ ಓದುವುದು ಹೇಗೆ?

ಕೊಣಾಜೆ, ದೇರಳಕಟ್ಟೆ, ಮಣಿಪಾಲ, ಸುರತ್ಕಲ್ ಕಡೆ ಬಯೋಟೆಕ್ನಾಲಜಿಯೋ ಮೆಡಿಕಲ್ಲೋ ಓದುವವರಿಗೆ ಕೊನೆಯ ವರ್ಷ ಬಂತೆಂದರೆ ಪ್ರಾಜೆಕ್ಟಿನ ತಲೆಬಿಸಿ ಶುರು. ಲ್ಯಾಬ್ ಖರ್ಚಿಗೆ ದುಡ್ಡಿಲ್ಲ, ಸ್ಯಾಂಪಲ್ ಸಂಗ್ರಹಿಸಲು ಸಮಯವಿಲ್ಲ, ಆದರೂ ವೈವಾದಲ್ಲಿ ತಲೆಯೆತ್ತಿ ಹೇಳಿಕೊಳ್ಳುವಂಥ ಕೆಲಸ ಆಗಬೇಕು. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಾಮೂಲಿ ಲ್ಯಾಪ್‌ಟಾಪ್, ಇಂಟರ್ನೆಟ್, ಸ್ವಲ್ಪ ತಾಳ್ಮೆ ಇಷ್ಟಿದ್ದರೆ ಸಾಕು.

ವಿಷಯ ಇದು. ಕೆಲವರ ಮಿದುಳಲ್ಲಿ ಆಲ್ಝೈಮರ್ ಕಾಯಿಲೆಯ ಗುರುತುಗಳು ಧಾರಾಳವಾಗಿರುತ್ತವೆ. ನರಕೋಶಗಳ ಹೊರಗೆ ಅಮೈಲಾಯ್ಡ್ ಪ್ಲಾಕ್, ಒಳಗೆ ಟೌ ಪ್ರೋಟೀನಿನ ಗಂಟು. ಆದರೆ ಅವರಿಗೆ ಕೊನೆವರೆಗೂ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಬಂದಿರುವುದಿಲ್ಲ. ಮನೆ ಲೆಕ್ಕ ನೋಡಿಕೊಂಡು, ಮೊಮ್ಮಕ್ಕಳ ಹೆಸರು ಕರೆದುಕೊಂಡು ಚೆನ್ನಾಗಿಯೇ ಇದ್ದವರು. ಸತ್ತ ಮೇಲೆ ಮಿದುಳು ಕೊಯ್ದು ನೋಡಿದಾಗಲೇ ವಿಷಯ ಗೊತ್ತಾಗುವುದು. 1988ರಲ್ಲಿ ರಾಬರ್ಟ್ ಕಾಟ್ಜ್‌ಮನ್ ತಂಡ ಅಮೆರಿಕದ ಒಂದು ನರ್ಸಿಂಗ್ ಹೋಮ್‌ನಲ್ಲಿದ್ದ 137 ಮಂದಿಯ ಮಿದುಳು ಪರೀಕ್ಷಿಸಿದಾಗ ಇಂಥ 10 ಜನ ಸಿಕ್ಕಿದರು. ಅವರ ಮಿದುಳಿನ ತೂಕ ಜಾಸ್ತಿ ಇತ್ತು, ದೊಡ್ಡ ನರಕೋಶಗಳೂ ಹೆಚ್ಚಿದ್ದವು. 1986ರಲ್ಲಿ ಡೇವಿಡ್ ಸ್ನೋಡನ್ ಶುರು ಮಾಡಿದ ಕ್ರೈಸ್ತ ಸನ್ಯಾಸಿನಿಯರ ಅಧ್ಯಯನದಲ್ಲಿ 678 ಸಿಸ್ಟರ್‌ಗಳಿದ್ದರು. ಅಲ್ಲೂ ಇದೇ ಕಥೆ ಕಂಡಿತು.

ಹಾಗಾದರೆ ಆ ಮಿದುಳುಗಳಲ್ಲಿ ಯಾವ ಜೀನ್ ಜಾಸ್ತಿ ಕೆಲಸ ಮಾಡುತ್ತಿತ್ತು, ಯಾವುದು ಕಡಿಮೆ? ಅದನ್ನು ನೋಡುವ ದಾರಿಯೇ ಜೀನ್ ಎಕ್ಸ್‌ಪ್ರೆಶನ್ ವಿಶ್ಲೇಷಣೆ. ಕೋಶದೊಳಗೆ ಯಾವ ಜೀನಿನಿಂದ ಎಷ್ಟು ಆರ್‌ಎನ್‌ಎ ಪ್ರತಿ ತಯಾರಾಗಿದೆ ಅಂತ ಅಳೆಯುವುದು.

ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಜೀನ್‌ಗಳ ಪಟ್ಟಿ ಬರಿಸುವುದು ಕಷ್ಟವೇ ಅಲ್ಲ, ಒಂದು ಮಧ್ಯಾಹ್ನದಲ್ಲಿ ಬರುತ್ತದೆ. ಆ ಪಟ್ಟಿ ನಿಜವಾಗಿಯೂ ಕಾಯಿಲೆಯನ್ನು ತಾಳಿಕೊಳ್ಳುವ ಶಕ್ತಿಯದ್ದಾ, ಅಥವಾ ಸುಮ್ನೆ "ಇವರಿಗೆ ಕಾಯಿಲೆ ಇನ್ನೂ ಅಷ್ಟು ಬೆಳೆದಿರಲಿಲ್ಲ" ಅನ್ನುವುದನ್ನೇ ತೋರಿಸುತ್ತಿದೆಯಾ ಅಂತ ಬೇರ್ಪಡಿಸುವುದೇ ನಿಜವಾದ ಕೆಲಸ. ಮುಂದಿನ ಹೆಜ್ಜೆಗಳಲ್ಲಿ ಹೆಚ್ಚಿನವು ಅದಕ್ಕೇ ಮೀಸಲು.

ಹೆಜ್ಜೆ 1: ಯಾರು ತಾಳಿಕೊಂಡವರು ಅಂತ ಮೊದಲು ಬರೆದಿಡಿ

ಡೇಟಾ ಡೌನ್‌ಲೋಡ್ ಮಾಡುವ ಮೊದಲೇ ಇದಾಗಬೇಕು. ಕಾಗದದಲ್ಲಿ ಬರೆದು ತಾರೀಕು ಹಾಕಿ, ಗೈಡ್‌ಗೆ ತೋರಿಸಿ.

ಎರಡು ಸಂಗತಿಗಳನ್ನು ಜನ ಕಲಸಿಬಿಡುತ್ತಾರೆ. ಒಬ್ಬರಿಗೆ ವಯಸ್ಸು 90 ಆದರೂ ಪ್ಲಾಕ್, ಗಂಟು ಬರಲೇ ಇಲ್ಲ. ಅದು ಕಾಯಿಲೆಯನ್ನು ತಡೆದದ್ದು. ಇನ್ನೊಬ್ಬರಿಗೆ ಎಲ್ಲ ಬಂದಿದೆ, ಆದರೂ ಬುದ್ಧಿ ನೆಟ್ಟಗಿದೆ. ಅದು ತಾಳಿಕೊಂಡದ್ದು. ನಮಗೆ ಬೇಕಾದದ್ದು ಎರಡನೆಯದು. ಹಾಗಾಗಿ ಪ್ರತಿಯೊಬ್ಬರ ಬಗ್ಗೆ ನಿಮಗೆ ಎರಡು ಬೇರೆ ಬೇರೆ ಅಳತೆ ಬೇಕು. ಮಿದುಳಲ್ಲಿ ಹಾನಿ ಎಷ್ಟು ಅನ್ನುವುದು ಒಂದು, ಬದುಕಿದ್ದಾಗ ಬುದ್ಧಿ ಹೇಗಿತ್ತು ಅನ್ನುವುದು ಇನ್ನೊಂದು.

ಹಾನಿಗೆ ಬ್ರಾಕ್ ಹಂತ ನೋಡುತ್ತಾರೆ. 1991ರಲ್ಲಿ ಹೈಕೋ ಮತ್ತು ಇವಾ ಬ್ರಾಕ್ ದಂಪತಿ ಮಾಡಿದ ಪದ್ಧತಿ ಇದು, ಟೌ ಗಂಟು ಎಲ್ಲಿಯವರೆಗೆ ಹಬ್ಬಿದೆ ಅಂತ 1ರಿಂದ 6ರವರೆಗೆ ಹೇಳುತ್ತದೆ. ಪ್ಲಾಕ್ ಎಷ್ಟು ದಟ್ಟವಾಗಿದೆ ಅಂತ ಹೇಳಲು ಸಿರಾಡ್ ಅಂಕ ಇದೆ. ಬುದ್ಧಿಗೆ 30 ಅಂಕಗಳ ಎಂಎಂಎಸ್‌ಇ ಪರೀಕ್ಷೆಯೋ, ಇನ್ನೂ ವಿವರವಾದ ಪರೀಕ್ಷೆಗಳೋ ಇರುತ್ತವೆ. ಸಾಯುವ ಮೊದಲು ಕೊನೆಯ ಪರೀಕ್ಷೆ ಎಷ್ಟು ಸಮಯದ ಹಿಂದೆ ಆಗಿತ್ತು ಅಂತ ಕಡ್ಡಾಯವಾಗಿ ನೋಡಿ. ಮೂರು ವರ್ಷದ ಹಳೇ ಅಂಕ ನಂಬಿಕೊಂಡು ಒಬ್ಬರನ್ನು ತಾಳಿಕೊಂಡವರು ಅಂದರೆ, ಆ ಮೂರು ವರ್ಷದಲ್ಲಿ ಎಂಥ ಆಯಿತು ಅಂತ ಯಾರು ಹೇಳಬೇಕು?

ಗುಂಪು ಮಾಡಲು ಎರಡು ದಾರಿ ಉಂಟು. ಒಂದು, ಗೆರೆ ಎಳೆಯುವುದು: ಇಷ್ಟರ ಮೇಲೆ ಹಾನಿ, ಡಿಮೆನ್ಷಿಯಾ ಇಲ್ಲ, ಅಂಥವರು ಈ ಗುಂಪು. ಸುಲಭ, ಆದರೆ ಗೆರೆಯ ಆಚೀಚೆ ಇರುವವರಲ್ಲಿ ವ್ಯತ್ಯಾಸ ತೀರಾ ಕಡಿಮೆ. ಇನ್ನೊಂದು ಉಳಿಕೆಯ ವಿಧಾನ. ಹಾನಿ, ವಯಸ್ಸು ಎಲ್ಲ ಸೇರಿಸಿ ರಿಗ್ರೆಶನ್ ಮಾಡಿ "ಇಷ್ಟು ಹಾನಿಗೆ ಇಷ್ಟು ಬುದ್ಧಿ ಇರಬೇಕಿತ್ತು" ಅಂತ ಅಂದಾಜು ತೆಗೆಯುವುದು, ಅದಕ್ಕಿಂತ ನಿಜವಾದ ಅಂಕ ಎಷ್ಟು ಮೇಲಿದೆಯೋ ಅದೇ ತಾಳಿಕೆಯ ಅಂಕ. 2017ರಲ್ಲಿ ಇದೇ ವಿಧಾನದಿಂದ ಯುಎನ್‌ಸಿ5ಸಿ, ಇಎನ್‌ಸಿ1, ಟಿಎಂಇಎಂ106ಬಿ ಎಂಬ ಜೀನ್‌ಗಳು ಹೊರಬಂದವು. ಇದು ಚಂದದ ವಿಧಾನ. ಆದರೆ ಒಂದು ಕೊಕ್ಕೆ ಇದೆ. ಉಳಿಕೆ ಅಂಕ ಮೂಲ ಬುದ್ಧಿಯ ಅಂಕದ ಜೊತೆಗೇ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹಾಗಾಗಿ ನಿಮಗೆ ಸಿಕ್ಕಿದ ಜೀನ್ ತಾಳಿಕೆಯದ್ದಾ, ಬರೀ ಬುದ್ಧಿವಂತಿಕೆಯದ್ದಾ ಅಂತ ಗೊಂದಲ. ಅಳತೆಯ ತಪ್ಪುಗಳು, ಮಿದುಳಿನ ಸಣ್ಣ ಪಾರ್ಶ್ವವಾಯುಗಳಂಥ ಲೆಕ್ಕಕ್ಕೆ ಸಿಗದ ಹಾನಿಗಳು, ಎಲ್ಲ ಆ ಉಳಿಕೆಯೊಳಗೇ ಬಂದು ಕೂರುತ್ತವೆ.

ಮೊದಲ ಸಲ ಮಾಡುವವರಿಗೆ ಗೆರೆ ಎಳೆಯುವ ದಾರಿಯೇ ಸಾಕು ಅಂತ ನನ್ನ ಅಭಿಪ್ರಾಯ. ವೈವಾದಲ್ಲಿ ಒಂದೇ ವಾಕ್ಯದಲ್ಲಿ ವಿವರಿಸಬಹುದು.

ಹೆಜ್ಜೆ 2: ಡೇಟಾ ಆರಿಸುವುದು

ಈ ಕ್ಷೇತ್ರದ ದೊಡ್ಡ ಖಜಾನೆ ಶಿಕಾಗೋದ ರಶ್ ವಿಶ್ವವಿದ್ಯಾಲಯದ್ದು. 1994ರಲ್ಲಿ ಶುರುವಾದ ರಿಲಿಜಿಯಸ್ ಆರ್ಡರ್ಸ್ ಸ್ಟಡಿ, 1997ರಲ್ಲಿ ಶುರುವಾದ ಮೆಮೊರಿ ಆ್ಯಂಡ್ ಏಜಿಂಗ್ ಪ್ರಾಜೆಕ್ಟ್, ಎರಡೂ ಸೇರಿ ರಾಸ್‌ಮ್ಯಾಪ್ ಅಂತ ಕರೆಯುತ್ತಾರೆ. ಸೇರಿದವರಿಗೆಲ್ಲ ವರ್ಷ ವರ್ಷ ಬುದ್ಧಿಯ ಪರೀಕ್ಷೆ, ಸತ್ತ ಮೇಲೆ ಮಿದುಳು ದಾನ. ತಾಳಿಕೆಯ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಡೇಟಾ ತೆರೆದಿಟ್ಟಿಲ್ಲ. ಸಿನಾಪ್ಸ್ ಎಂಬ ತಾಣದಲ್ಲಿ ಖಾತೆ ತೆರೆದು, ನಿಮ್ಮ ಸಂಸ್ಥೆಯ ಅಧಿಕಾರಿಯ ಸಹಿ ಇರುವ ಒಪ್ಪಂದ ಪತ್ರ ಕಳಿಸಬೇಕು. ಕಾಲೇಜಿನ ಆಫೀಸಿನಲ್ಲಿ ಆ ಸಹಿ ಯಾರು ಹಾಕುವುದು ಅಂತ ತೀರ್ಮಾನವಾಗುವುದರೊಳಗೆ ಒಂದು ಸೆಮಿಸ್ಟರ್ ಮುಗಿದೀತು. ಪಿಎಚ್‌ಡಿಯವರು ಇವತ್ತೇ ಅರ್ಜಿ ಹಾಕಿ. ಎಂಎಸ್ಸಿಯವರು ಅದಕ್ಕೆ ಕಾದು ಕೂರಬೇಡಿ.

ನಿಮಗೆ ನಾನು ಹೇಳುವುದು ಜಿಇಒ ಎಂಬ ಸಾರ್ವಜನಿಕ ಸಂಗ್ರಹದಲ್ಲಿರುವ ಜಿಎಸ್‌ಇ118553. ಲಂಡನ್ನಿನ ಬ್ರೇನ್ ಬ್ಯಾಂಕಿನ ಮಿದುಳುಗಳು, 2019ರಲ್ಲಿ ಇದರ ಮೇಲೆ ಪ್ರಬಂಧ ಬಂದಿದೆ. ಒಟ್ಟು 401 ಸ್ಯಾಂಪಲ್. ಎಲ್ಲಕ್ಕಿಂತ ಮುಖ್ಯ ಅಂದರೆ ಇದರಲ್ಲಿ ಮೂರು ಗುಂಪು ಆಗಲೇ ಗುರುತಾಗಿದೆ: ಕಾಯಿಲೆ ಇಲ್ಲದವರು, ಕಾಯಿಲೆ ಇದ್ದು ಡಿಮೆನ್ಷಿಯಾ ಬಂದವರು, ಮಿದುಳಲ್ಲಿ ಕಾಯಿಲೆ ಇದ್ದೂ ಲಕ್ಷಣ ಇಲ್ಲದವರು. ಮೂರನೆಯ ಗುಂಪಿಗೆ ಅಲ್ಲಿ ಅಸಿಮ್‌ಎಡಿ ಅಂತ ಹೆಸರು. ಮಿದುಳಿನ ನಾಲ್ಕು ಭಾಗ ಇದೆ. ಎಂಟೊರೈನಲ್ ಕಾರ್ಟೆಕ್ಸ್, ಟೆಂಪೊರಲ್, ಫ್ರಂಟಲ್, ಮತ್ತೆ ಸೆರೆಬೆಲ್ಲಮ್ ಅಂದರೆ ಕಿರುಮಿದುಳು. ಟೌ ಗಂಟು ಬೇಗ ಕಾಣಿಸಿಕೊಳ್ಳುವುದು ಎಂಟೊರೈನಲ್‌ನಲ್ಲಿ. ಕಿರುಮಿದುಳಿಗೆ ಪೆಟ್ಟು ಕಡಿಮೆ. ಈ ಕಿರುಮಿದುಳು ನಿಮಗೆ ಆಮೇಲೆ ಬಹಳ ಉಪಕಾರಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಇದು ಮೈಕ್ರೋಅರೇ ಡೇಟಾ, ಅಂದರೆ ಸಾವಿರಾರು ಜೀನ್‌ಗಳ ಆರ್‌ಎನ್‌ಎಯನ್ನು ಒಂದೇ ಚಿಪ್‌ನಲ್ಲಿ ಅಳೆದದ್ದು. ಇಲ್ಯೂಮಿನಾದ ಎಚ್‌ಟಿ-12 ಚಿಪ್. ಹಳೇ ತಂತ್ರಜ್ಞಾನ ಅಂತ ಮೂಗು ಮುರಿಯುವವರು ಇದ್ದಾರೆ. ಇರಲಿ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಲ್ಲಿ ಆರಾಮವಾಗಿ ಓಡುತ್ತದೆ, ಪ್ರಶ್ನೆಗೆ ಬೇಕಾದ ಮೂರೂ ಗುಂಪು ಇದೆ. ಸಾಕಲ್ವಾ?

ನಮ್ಮ ದೇಶದ ಡೇಟಾ ಇಲ್ಲವೇ ಅಂತ ಕೇಳುವವರಿಗೆ: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಬ್ಯಾಂಕ್ ಇದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಹಳ್ಳಿಯ ಹಿರಿಯರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನವೂ ನಡೆಯುತ್ತಿದೆ, ಅದು ಬದುಕಿರುವವರದ್ದು. ಇನ್ನೊಂದು ಕುತೂಹಲದ ಮಾತು. ಸುವರ್ಣಾ ಅಲ್ಲಾಡಿ ತಂಡ 2013ರಲ್ಲಿ ಹೈದರಾಬಾದಿನ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿದಾಗ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸರಾಸರಿ 4.5 ವರ್ಷ ತಡವಾಗಿ ಶುರುವಾಗಿತ್ತು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ ಅಂತ ಬೆಳೆದ ನಮ್ಮ ಊರಿನವರಿಗೆ ಇದು ಕೇಳಲು ಖುಷಿ. ಆದರೆ ಅದರಿಂದ ಯಾವ ಜೀನ್ ಏನಾಯಿತು ಅಂತ ಈ ಡೇಟಾದಲ್ಲಿ ಹುಡುಕಲು ಹೋಗಬೇಡಿ.

ಹೆಜ್ಜೆ 3: ಸಾಮಾನು ಜೋಡಿಸುವುದು

ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಎಂಬ ಭಾಷೆ, ಅದರಲ್ಲಿ ಕೋಡ್ ಬರೆಯಲು ಆರ್‌ಸ್ಟುಡಿಯೋ ಹಾಕಿಕೊಳ್ಳಿ, ಎರಡೂ ಉಚಿತ. ಆಮೇಲೆ ಬಯೋಕಂಡಕ್ಟರ್ ಎಂಬ ಪ್ಯಾಕೇಜ್ ಸಂಗ್ರಹದಿಂದ ಡೇಟಾ ಇಳಿಸಲು ಜಿಇಒಕ್ವೆರಿ, ಗುಂಪುಗಳನ್ನು ಹೋಲಿಸಲು ಲಿಮ್ಮಾ, ಜೀನ್‌ಗಳ ಗುಂಪು ನೋಡಲು ಎಫ್‌ಜಿಎಸ್‌ಇಎ. ಇಲ್ಲಿ ಕೋಡ್ ಬರೆದು ತೋರಿಸುವುದಿಲ್ಲ. ಲಿಮ್ಮಾದ ಕೈಪಿಡಿ ತುಂಬ ಚೆನ್ನಾಗಿದೆ, ಅದರ ಉದಾಹರಣೆಗಳನ್ನೇ ಬದಲಾಯಿಸಿಕೊಂಡರೆ ಸಾಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂತವರು ಪ್ಯಾಕೇಜ್‌ಗಳನ್ನೆಲ್ಲ ಒಂದೇ ಸಲಕ್ಕೆ ಹಾಕಲು ಹೋಗಬೇಡಿ, ಅರ್ಧದಲ್ಲಿ ಕರೆಂಟ್ ಹೋದರೆ ಮೊದಲಿಂದ ಮತ್ತೆ. ಡೌನ್‌ಲೋಡ್ ಆದ ಫೈಲನ್ನು ತಕ್ಷಣ ಡಿಸ್ಕ್‌ನಲ್ಲಿ ಉಳಿಸಿಕೊಳ್ಳಿ.

ಕಾಲೇಜಿನ ಎಥಿಕ್ಸ್ ಕಮಿಟಿಗೆ ಒಂದು ಪತ್ರ ಕೊಡುವುದು ಒಳ್ಳೆಯದು. ಡೇಟಾದಲ್ಲಿ ಯಾರ ಹೆಸರೂ ಇಲ್ಲ, ಸಾರ್ವಜನಿಕ ಡೇಟಾ ಅಂತ ಬರೆದರೆ ಸಾಮಾನ್ಯವಾಗಿ ವಿನಾಯಿತಿ ಪತ್ರ ಕೊಡುತ್ತಾರೆ. ಮುಂದೆ ಪ್ರಬಂಧ ಕಳಿಸುವಾಗ ಕೇಳುತ್ತಾರೆ, ಆಗ ಓಡಾಡುವುದು ತಪ್ಪುತ್ತದೆ.

ಹೆಜ್ಜೆ 4: ಜೀನ್ ನೋಡುವ ಮೊದಲು ಟೇಬಲ್ ನೋಡಿ

ಡೇಟಾ ಬಂದ ಕೂಡಲೇ ಎಲ್ಲರೂ ಜೀನಿಗೆ ಹಾರುತ್ತಾರೆ. ಸ್ವಲ್ಪ ನಿಲ್ಲಿ ಮಾರಾಯ್ರೆ.

ಮೊದಲು ಸ್ಯಾಂಪಲ್‌ಗಳ ವಿವರದ ಟೇಬಲ್ ತೆರೆಯಿರಿ. ಗುಂಪು, ಭಾಗ, ವಯಸ್ಸು, ಲಿಂಗ ಯಾವ ಕಾಲಂನಲ್ಲಿದೆ ನೋಡಿ. ಪ್ರತಿ ಗುಂಪಿನ ಸರಾಸರಿ ವಯಸ್ಸು ತೆಗೆಯಿರಿ. ಗುಂಪುಗಳ ನಡುವೆ ವಯಸ್ಸಿನ ವ್ಯತ್ಯಾಸ ಇದ್ದರೆ ಅದನ್ನು ಮಾಡೆಲ್‌ನಲ್ಲಿ ಸೇರಿಸದೆ ಗತ್ಯಂತರವಿಲ್ಲ, ವಯಸ್ಸಿನಿಂದಲೇ ಸಾವಿರಾರು ಜೀನ್ ಏರಿಳಿಯುತ್ತವೆ.

ಆಮೇಲೆ ಸಂಖ್ಯೆಗಳನ್ನು ನೋಡಿ. ಅತಿ ದೊಡ್ಡ ಸಂಖ್ಯೆ 15-16ರ ಹತ್ತಿರ ಇದ್ದರೆ ಆಗಲೇ ಲಾಗ್ ಮಾಡಿದ್ದಾರೆ ಅಂತ ಅರ್ಥ. ಸಾವಿರಗಟ್ಟಲೆ ಇದ್ದರೆ ನೀವೇ ಲಾಗ್2 ಮಾಡಬೇಕು. ಎರಡು ಸಲ ಲಾಗ್ ಮಾಡಿದ ಪ್ರಾಜೆಕ್ಟ್ ರಿಪೋರ್ಟುಗಳೂ ಇರುತ್ತವೆ, ನಂಬಿ.

ಇನ್ನು ಲಿಂಗದ ಪರೀಕ್ಷೆ. ಇದು ನನಗೆ ಬಹಳ ಇಷ್ಟ. ಎಕ್ಸ್‌ಐಎಸ್‌ಟಿ ಎಂಬ ಜೀನ್ ಹೆಂಗಸರಲ್ಲಿ ಜೋರು, ಗಂಡಸರಲ್ಲಿ ಹತ್ತಿರ ಹತ್ತಿರ ಶೂನ್ಯ. ಆರ್‌ಪಿಎಸ್4ವೈ1 ವೈ ಕ್ರೋಮೋಸೋಮಿನದ್ದು, ಗಂಡಸರಲ್ಲಿ ಮಾತ್ರ. ಎರಡನ್ನೂ ಒಂದು ಗ್ರಾಫಿನಲ್ಲಿ ಹಾಕಿದರೆ ಎರಡು ಗುಂಪು ಸ್ಪಷ್ಟವಾಗಿ ಬೇರೆಯಾಗಬೇಕು. ಟೇಬಲ್‌ನಲ್ಲಿ ಗಂಡು ಅಂತಿದ್ದು ಗ್ರಾಫಿನಲ್ಲಿ ಹೆಂಗಸರ ಕಡೆ ಕೂತ ಸ್ಯಾಂಪಲ್ ಸಿಕ್ಕಿದರೆ, ಎಲ್ಲೋ ಟ್ಯೂಬ್ ಅದಲುಬದಲಾಗಿದೆ. ಅದನ್ನು ಬಿಟ್ಟುಬಿಡಿ, ಬಿಟ್ಟದ್ದನ್ನು ರಿಪೋರ್ಟಿನಲ್ಲಿ ಬರೆಯಿರಿ.

ಕೊನೆಗೆ ಪಿಸಿಎ ಗ್ರಾಫ್, ಅಂದರೆ ಒಂದೇ ತರಹದ ಸ್ಯಾಂಪಲ್‌ಗಳು ಹತ್ತಿರ, ಬೇರೆ ತರಹದವು ದೂರ ಕಾಣುವ ಚಿತ್ರ. ಕಿರುಮಿದುಳು ಉಳಿದ ಮೂರು ಭಾಗಗಳಿಂದ ದೂರ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಏನೋ ಎಡವಟ್ಟಾಗಿದೆ. ಸತ್ತ ಎಷ್ಟು ಗಂಟೆಗೆ ಮಿದುಳು ತೆಗೆದರು, ಆರ್‌ಎನ್‌ಎ ಗುಣಮಟ್ಟದ ಆರ್‌ಐಎನ್ ಅಂಕ ಎಷ್ಟು, ಯಾವ ಬ್ಯಾಚ್ (ಲ್ಯಾಬಿನಲ್ಲಿ ಒಟ್ಟಿಗೆ ಅಳೆದ ಸ್ಯಾಂಪಲ್‌ಗಳ ಕಂತು) ಅಂತ ಮಾಹಿತಿ ಇರುವ ಡೇಟಾದಲ್ಲಿ ಆ ಬಣ್ಣಗಳನ್ನೂ ಹಾಕಿ ನೋಡಿ. ಗುಂಪಿಗಿಂತ ಬ್ಯಾಚ್ ಜೋರಾಗಿ ಕಂಡರೆ ಆಶ್ಚರ್ಯಪಡಬೇಡಿ, ಸತ್ತ ಮಿದುಳಿನ ಡೇಟಾ ಇರುವುದೇ ಹಾಗೆ.

ಹೆಜ್ಜೆ 5: ಮಾಡೆಲ್

ಒಬ್ಬರದೇ ಮಿದುಳಿನಿಂದ ನಾಲ್ಕು ಭಾಗ ಬಂದಿದೆ. ಹಾಗಾಗಿ 401 ಸ್ಯಾಂಪಲ್ ಅಂದರೆ 401 ಜನ ಅಲ್ಲ. ಮೊದಲ ಸಲಕ್ಕೆ ಒಂದೊಂದು ಭಾಗವನ್ನು ಬೇರೆಯಾಗಿಯೇ ಮಾಡಿ. ಎಂಟೊರೈನಲ್‌ನಿಂದ ಶುರು ಮಾಡಿ.

ಚಿಪ್ ಮೇಲೆ ಒಂದೊಂದು ಜೀನಿನ ಆರ್‌ಎನ್‌ಎ ಹಿಡಿಯುವ ತುಣುಕಿಗೆ ಪ್ರೋಬ್ ಅನ್ನುತ್ತಾರೆ. ಎಲ್ಲೂ ಕಾಣಿಸಿಕೊಳ್ಳದ ಪ್ರೋಬ್‌ಗಳನ್ನು ಮೊದಲೇ ತೆಗೆದುಹಾಕಿ. ಲಿಮ್ಮಾದಲ್ಲಿ ಡಿಸೈನ್ (ಲೆಕ್ಕದಲ್ಲಿ ಏನೇನು ಸೇರಬೇಕು ಅನ್ನುವ ಟೇಬಲ್) ಮಾಡುವಾಗ ಗುಂಪು, ವಯಸ್ಸು, ಲಿಂಗ ಮೂರನ್ನೂ ಸೇರಿಸಿ. ನಂತರ ಮೇಕ್‌ಕಾಂಟ್ರಾಸ್ಟ್ಸ್‌ನಲ್ಲಿ ಮೂರು ಹೋಲಿಕೆ ಬರೆಯಿರಿ. ಡಿಮೆನ್ಷಿಯಾ ಬಂದವರು ಮತ್ತು ಕಾಯಿಲೆ ಇಲ್ಲದವರು, ಅಸಿಮ್‌ಎಡಿ ಮತ್ತು ಕಾಯಿಲೆ ಇಲ್ಲದವರು, ಅಸಿಮ್‌ಎಡಿ ಮತ್ತು ಡಿಮೆನ್ಷಿಯಾ ಬಂದವರು. ಲೆಕ್ಕಕ್ಕೆ ಇಬೇಯ್ಸ್ ಓಡಿಸಿ, ಫಲಿತಾಂಶದ ಪಟ್ಟಿಗೆ ಟಾಪ್‌ಟೇಬಲ್ ತೆಗೆಯಿರಿ.

ಪಿ ವ್ಯಾಲ್ಯೂ 0.05 ಅಂತ ಹಾಕಿ ಕುಣಿಯಬೇಡಿ. ಈ ಚಿಪ್‌ನಲ್ಲಿ 47 ಸಾವಿರಕ್ಕೂ ಹೆಚ್ಚು ಪ್ರೋಬ್ ಇದೆ. ಏನೂ ವ್ಯತ್ಯಾಸವೇ ಇಲ್ಲದಿದ್ದರೂ ಅದೃಷ್ಟದಿಂದಲೇ 2,300ಕ್ಕೂ ಹೆಚ್ಚು ಪ್ರೋಬ್ ಆ ಗೆರೆ ದಾಟುತ್ತವೆ. ಇಂಥ ಸುಳ್ಳು ಫಲಿತಾಂಶಗಳ ಪಾಲನ್ನು ಹಿಡಿತದಲ್ಲಿಡುವ ಬೆಂಜಮಿನಿ-ಹಾಕ್‌ಬರ್ಗ್ ಎಫ್‌ಡಿಆರ್ ಕಾಲಂ ಮಾತ್ರ ನೋಡಿ. ವ್ಯತ್ಯಾಸದ ಗಾತ್ರವನ್ನೂ ನೋಡಿ. ಮಿದುಳಿನ ಇಂಥ ಡೇಟಾದಲ್ಲಿ ಬದಲಾವಣೆಗಳು ಸಣ್ಣವೇ, ಕ್ಯಾನ್ಸರ್ ಡೇಟಾದ ಹಾಗೆ ನಾಲ್ಕು ಪಟ್ಟು, ಎಂಟು ಪಟ್ಟು ನಿರೀಕ್ಷಿಸಬೇಡಿ.

ಹೆಜ್ಜೆ 6: ಪಟ್ಟಿಯನ್ನು ಓದುವುದು

ಇಲ್ಲಿ ನಿಧಾನ ಮಾಡಿ. ಮೂರು ಹೋಲಿಕೆಗಳ ಫಲಿತಾಂಶ ಒಂದೇ ಟೇಬಲ್‌ನಲ್ಲಿ ಪಕ್ಕ ಪಕ್ಕ ಇಟ್ಟುಕೊಳ್ಳಿ. ಒಂದೊಂದು ಜೀನಿಗೂ ಒಂದು ಸ್ವಭಾವ ಕಾಣುತ್ತದೆ.

ಕೆಲವು ಜೀನ್‌ಗಳು ಡಿಮೆನ್ಷಿಯಾ ಬಂದವರಲ್ಲೂ ಅಸಿಮ್‌ಎಡಿಯಲ್ಲೂ ಒಂದೇ ರೀತಿ ಬದಲಾಗಿರುತ್ತವೆ. ಅವು ಪ್ಲಾಕ್, ಗಂಟುಗಳಿಗೆ ಮಿದುಳು ಕೊಟ್ಟ ಪ್ರತಿಕ್ರಿಯೆ. ತಾಳಿಕೆಗೆ ಸಂಬಂಧ ಕಡಿಮೆ.

ಕೆಲವು ಮೆಟ್ಟಿಲಿನ ಹಾಗೆ ಇರುತ್ತವೆ. ಕಾಯಿಲೆ ಇಲ್ಲದವರಲ್ಲಿ ಇಷ್ಟು, ಅಸಿಮ್‌ಎಡಿಯಲ್ಲಿ ಸ್ವಲ್ಪ ಕಡಿಮೆ, ಡಿಮೆನ್ಷಿಯಾದಲ್ಲಿ ಇನ್ನೂ ಕಡಿಮೆ. ಇದನ್ನು ತಾಳಿಕೆಯ ಜೀನ್ ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಲಕ್ಷಣ ಇಲ್ಲದವರ ಮಿದುಳಿನಲ್ಲಿ ಸಾಮಾನ್ಯವಾಗಿ ಹಾನಿಯೂ ಡಿಮೆನ್ಷಿಯಾ ಬಂದವರಿಗಿಂತ ಕಡಿಮೆಯೇ ಇರುತ್ತದೆ. ಬ್ರಾಕ್ 3-4ರ ಹತ್ತಿರ ಇರುವವರನ್ನು 5-6ರವರ ಜೊತೆ ಹೋಲಿಸಿದರೆ ನೀವು ಅಳೆಯುತ್ತಿರುವುದು ಕಾಯಿಲೆಯ ಹಂತವನ್ನು. ಇನ್ನೂ ಐದು ವರ್ಷ ಬದುಕಿದ್ದರೆ ಅವರಿಗೂ ಮರೆವು ಬರುತ್ತಿತ್ತೋ ಏನೋ! ಡೋನರ್‌ಗಳ ಬ್ರಾಕ್ ಹಂತದ ಕಾಲಂ ಇರುವ ಡೇಟಾ ಆದರೆ ಅದನ್ನು ಮಾಡೆಲ್‌ನಲ್ಲಿ ಸೇರಿಸಿ, ಇಲ್ಲವೇ ಒಂದೇ ಹಂತದವರನ್ನು ಮಾತ್ರ ಹೋಲಿಸಿ. ಕಾಲಂ ಇಲ್ಲದಿದ್ದರೆ ಈ ಮಾತನ್ನು ರಿಪೋರ್ಟಿನ ಮಿತಿಗಳ ಭಾಗದಲ್ಲಿ ಮೊದಲ ಸಾಲಿನಲ್ಲೇ ಬರೆಯಿರಿ.

ಕೆಲವು ಡಿಮೆನ್ಷಿಯಾದಲ್ಲಿ ಮಾತ್ರ ಕುಸಿದು ಅಸಿಮ್‌ಎಡಿಯಲ್ಲಿ ಕಾಯಿಲೆ ಇಲ್ಲದವರಷ್ಟೇ ಇರುತ್ತವೆ. ಇವು ಆಸೆ ಹುಟ್ಟಿಸುತ್ತವೆ, ಆದರೆ ಮೇಲಿನ ಅನುಮಾನ ಇವಕ್ಕೂ ಇದೆ. ಜೊತೆಗೆ ಇನ್ನೊಂದು ಎಚ್ಚರ: ಅಸಿಮ್‌ಎಡಿಯಲ್ಲಿ ಎಫ್‌ಡಿಆರ್ ಗೆರೆ ದಾಟಲಿಲ್ಲ ಅಂದ ಮಾತ್ರಕ್ಕೆ ಅಲ್ಲಿ ಬದಲಾವಣೆಯೇ ಇಲ್ಲ ಅಂತಲ್ಲ, ಆ ಗುಂಪು ಚಿಕ್ಕದಿರಬಹುದು ಅಷ್ಟೆ. ಅದಕ್ಕೇ ಮೂರನೇ ಹೋಲಿಕೆ, ಅಂದರೆ ಅಸಿಮ್‌ಎಡಿ ಮತ್ತು ಡಿಮೆನ್ಷಿಯಾದ ನೇರ ಹೋಲಿಕೆ, ಬೇಕೇ ಬೇಕು.

ಕೊನೆಯದು, ಅಸಿಮ್‌ಎಡಿಯಲ್ಲಿ ಮಾತ್ರ ಬದಲಾದವು. ಕಾಯಿಲೆ ಇಲ್ಲದವರಿಗಿಂತಲೂ ಬೇರೆ, ಡಿಮೆನ್ಷಿಯಾ ಬಂದವರಿಗಿಂತಲೂ ಬೇರೆ. ಹಾನಿಯ ಹಂತದಿಂದ ಇದನ್ನು ಸುಲಭವಾಗಿ ವಿವರಿಸಲಾಗದು. ಸಂಖ್ಯೆಯಲ್ಲಿ ಕಡಿಮೆ ಸಿಗುತ್ತವೆ, ಕೆಲವೊಮ್ಮೆ ಒಂದೂ ಸಿಗುವುದಿಲ್ಲ. ನನ್ನನ್ನು ಕೇಳಿದರೆ ನಿಮ್ಮ ಸಮಯ ಹೋಗಬೇಕಾದ್ದು ಇವುಗಳ ಮೇಲೆ.

ಈಗ ಕಿರುಮಿದುಳನ್ನು ತೆಗೆಯಿರಿ. ನಿಮ್ಮ ಜೀನ್ ಅಲ್ಲೂ ಅಷ್ಟೇ ಬದಲಾಗಿದ್ದರೆ ಅದು ಕಾಯಿಲೆಗಿಂತ ಆ ವ್ಯಕ್ತಿಗಳ ಬೇರೇನೋ ಗುಣ ಇರಬಹುದು: ಸಾಯುವಾಗಿನ ಸ್ಥಿತಿ, ಔಷಧಿ, ಆರ್‌ಎನ್‌ಎ ಗುಣಮಟ್ಟ.

ಹೆಜ್ಜೆ 7: ಕೋಶಗಳ ಪಾಲು

ಮಿದುಳಿನ ತುಂಡನ್ನು ಅರೆದು ಆರ್‌ಎನ್‌ಎ ತೆಗೆದರೆ ನರಕೋಶ, ಆಸ್ಟ್ರೋಸೈಟ್, ಮೈಕ್ರೋಗ್ಲಿಯಾ, ಆಲಿಗೋಡೆಂಡ್ರೋಸೈಟ್ ಹೀಗೆ ಬೇರೆ ಬೇರೆ ಜಾತಿಯ ಕೋಶಗಳೆಲ್ಲ ಒಟ್ಟಿಗೆ ಬರುತ್ತವೆ. ದಕ್ಕೆಯಲ್ಲಿ ಬಂಗುಡೆ, ಬೂತಾಯಿ ಬೆರೆತ ಬುಟ್ಟಿ ಯೋಚಿಸಿ. ನಿನ್ನೆಗಿಂತ ಇವತ್ತು ಮೀನಿನ ಸರಾಸರಿ ತೂಕ ಇಳಿದಿದೆ ಅಂದರೆ ಬಂಗುಡೆಗಳು ಸಣಕಲಾಗಿವೆ ಅಂತಲೇ ಅಲ್ಲ, ಬುಟ್ಟಿಯಲ್ಲಿ ಬಂಗುಡೆ ಕಡಿಮೆಯಾಗಿ ಬೂತಾಯಿ ಜಾಸ್ತಿ ಆಗಿರಬಹುದು. ಆಲ್ಝೈಮರ್‌ನಲ್ಲಿ ನರಕೋಶ ಸಾಯುತ್ತವೆ. ಆಗ ನರಕೋಶದ ಎಲ್ಲ ಜೀನ್‌ಗಳೂ ಇಳಿದಂತೆ ಕಾಣುತ್ತವೆ, ಒಂದೂ ಕೋಶದೊಳಗೆ ನಿಜವಾಗಿ ಇಳಿಯದೇ ಇದ್ದರೂ.

ಪರೀಕ್ಷೆ ಹೀಗೆ. ನರಕೋಶಕ್ಕೆ ಎಸ್‌ವೈಟಿ1, ಎಸ್‌ಎನ್‌ಎಪಿ25, ಆಸ್ಟ್ರೋಸೈಟ್‌ಗೆ ಜಿಎಫ್‌ಎಪಿ ಮತ್ತು ಎಕ್ಯುಪಿ4, ಆಲಿಗೋಡೆಂಡ್ರೋಸೈಟ್‌ಗೆ ಎಂಬಿಪಿ, ಎಂಒಬಿಪಿ, ಮೈಕ್ರೋಗ್ಲಿಯಾಕ್ಕೆ ಎಐಎಫ್1, ರಕ್ತನಾಳಕ್ಕೆ ಸಿಎಲ್‌ಡಿಎನ್5 ಹೀಗೆ ಗುರುತಿನ ಜೀನ್‌ಗಳಿವೆ. ಬ್ರೆಟಿಜಿಯಾ ಎಂಬ ಆರ್ ಪ್ಯಾಕೇಜ್ ಇಂಥ ಜೀನ್‌ಗಳ ಪಟ್ಟಿ ಇಟ್ಟುಕೊಂಡು ಪ್ರತಿ ಸ್ಯಾಂಪಲ್‌ಗೆ ಕೋಶಗಳ ಪಾಲಿನ ಅಂದಾಜು ಕೊಡುತ್ತದೆ. ಆ ಅಂದಾಜನ್ನು ಡಿಸೈನ್‌ನಲ್ಲಿ ಸೇರಿಸಿ ಐದನೇ ಹೆಜ್ಜೆಯನ್ನು ಮತ್ತೊಮ್ಮೆ ಓಡಿಸಿ. ಪಟ್ಟಿ ಎಷ್ಟು ಕರಗಿತು ನೋಡಿ. ಬಹಳ ಸಲ ಅರ್ಧಕ್ಕಿಂತ ಹೆಚ್ಚು ಮಾಯ.

ಆದರೆ ಇಲ್ಲೊಂದು ತೊಡಕು. ತಾಳಿಕೊಂಡವರ ಮಿದುಳಲ್ಲಿ ನರಕೋಶಗಳು ಉಳಿದುಕೊಂಡದ್ದೇ ತಾಳಿಕೆಯ ಗುಟ್ಟಾದರೆ? ಕಾಟ್ಜ್‌ಮನ್ ನೋಡಿದ್ದು ಅದನ್ನೇ ಅಲ್ವಾ? ಆಗ ಪಾಲನ್ನು ಮಾಡೆಲ್‌ಗೆ ಸೇರಿಸುವುದೆಂದರೆ ಹುಡುಕುತ್ತಿರುವುದನ್ನೇ ಕಳೆದುಹಾಕಿದಂತೆ. ಇದಕ್ಕೆ ಒಂದೇ ಸರಿಯುತ್ತರ ಇಲ್ಲ. ಎರಡೂ ಪಟ್ಟಿ ಕೊಡಿ. ಸೇರಿಸಿದ ಮೇಲೂ ಉಳಿದವು ಕೋಶದೊಳಗಿನ ಬದಲಾವಣೆ ಇರಬಹುದು, ಸೇರಿಸಿದಾಗ ಹೋದವು ಕೋಶಗಳ ಉಳಿವಿಗೆ ಸಂಬಂಧಿಸಿರಬಹುದು ಅಂತ ಬರೆಯಿರಿ.

ಹೆಜ್ಜೆ 8: ದಾರಿಗಳು

ಒಂದೊಂದೇ ಜೀನ್ ಹಿಡಿದು ಕಥೆ ಕಟ್ಟುವ ಬದಲು ಒಂದೇ ಕೆಲಸಕ್ಕೆ ಸೇರಿದ ಜೀನ್‌ಗಳ ಗುಂಪುಗಳನ್ನು, ಅಂದರೆ ಪಾತ್‌ವೇಗಳನ್ನು, ನೋಡಿ. ಎಲ್ಲ ಜೀನ್‌ಗಳನ್ನೂ ಟಾಪ್‌ಟೇಬಲ್‌ನ ಟಿ ಅಂಕದ ಪ್ರಕಾರ ಸಾಲಾಗಿ ಜೋಡಿಸಿ ಎಫ್‌ಜಿಎಸ್‌ಇಎಗೆ ಕೊಡಿ. ಸಿನಾಪ್ಸ್ (ಇಲ್ಲಿ ತಾಣವಲ್ಲ, ನರಕೋಶಗಳು ಸೇರುವ ಜಾಗ), ಮೈಟೊಕಾಂಡ್ರಿಯಾ, ಉರಿಯೂತ ಇವು ಬಂದೇ ಬರುತ್ತವೆ. ಆಲ್ಝೈಮರ್‌ನ ಯಾವ ಡೇಟಾ ಕೊಟ್ಟರೂ ಬರುವ ಹೆಸರುಗಳು ಅವು, ಅದನ್ನು ನೋಡಿ ಉಬ್ಬಬೇಡಿ.

ಹೆಜ್ಜೆ 9: ಗೊತ್ತಿರುವ ಹೆಸರುಗಳ ಜೊತೆ ತಾಳೆ ಹಾಕುವುದು

ಎಂಇಎಫ್2ಸಿ ಮೊದಲು ನೋಡಿ. 2021ರಲ್ಲಿ ಎಂಐಟಿಯ ಲಿ-ಹುಯೇ ತ್ಸಾಯ್ ಅವರ ಪ್ರಯೋಗಾಲಯದಿಂದ ಬಂದ ಕೆಲಸದಲ್ಲಿ, ತಾಳಿಕೊಂಡವರ ಉತ್ತೇಜಕ ನರಕೋಶಗಳಲ್ಲಿ ಈ ಜೀನ್ ಎದ್ದುಕಂಡಿತು. ಟೌ ಕಾಯಿಲೆಯ ಇಲಿಗಳಲ್ಲಿ ಇದರ ಕುಟುಂಬದ ಜೀನನ್ನು ಹೆಚ್ಚಿಸಿದಾಗ ನೆನಪು ಸುಧಾರಿಸಿತು, ನರಕೋಶಗಳ ಅತಿಯಾದ ಚಟುವಟಿಕೆ ತಗ್ಗಿತು. ಮನುಷ್ಯರಲ್ಲಿ ಕಂಡದ್ದನ್ನು ಇಲಿಯಲ್ಲಿ ಬದಲಿಸಿ ನೋಡಿದ್ದರಿಂದ ಈ ಹೆಸರಿಗೆ ತೂಕ ಇದೆ. ಎನ್‌ಆರ್‌ಎನ್1, ಅಂದರೆ ನ್ಯೂರಿಟಿನ್, ಪ್ರೋಟೀನ್ ಅಳತೆಯಿಂದ ಬಂದ ಹೆಸರು. 2024ರಲ್ಲಿ 48 ಮಂದಿಯ ಆರು ಮಿದುಳು ಭಾಗಗಳ ಕೋಶಗಳನ್ನು ನೋಡಿದ ಅಧ್ಯಯನದಲ್ಲಿ ಆಸ್ಟ್ರೋಸೈಟ್‌ಗಳ ಕೋಲಿನ್ ಮತ್ತು ಪಾಲಿಅಮೀನ್ ಚಯಾಪಚಯ ತಾಳಿಕೆಯ ಜೊತೆ ಸೇರಿಕೊಂಡಿತ್ತು, ರೀಲಿನ್ ಎಂಬ ಪ್ರೋಟೀನ್ ಮಾಡುವ ನರಕೋಶಗಳು ಬೇಗ ಸಾಯುವವು ಅಂತಲೂ ಕಂಡಿತು.

ರೀಲಿನ್ ಹೆಸರು ಇನ್ನೊಂದು ಕಡೆಯಿಂದಲೂ ಬಂದಿದೆ. ಕೊಲಂಬಿಯಾದ ಒಂದು ದೊಡ್ಡ ಬಳಗದಲ್ಲಿ ಪಿಎಸ್‌ಇಎನ್1 ಜೀನಿನ ದೋಷದಿಂದ ನಲವತ್ತರ ನಡುವಿನಲ್ಲೇ ಮರೆವು ಶುರುವಾಗುತ್ತದೆ. ಅದೇ ದೋಷ ಇದ್ದ ಒಬ್ಬ ಗಂಡಸು 67ರವರೆಗೆ ಚೆನ್ನಾಗಿದ್ದರು, ಅವರಲ್ಲಿ ರೀಲಿನ್ ಜೀನಿನ ಅಪರೂಪದ ಬದಲಾವಣೆ ಇತ್ತು ಅಂತ 2023ರಲ್ಲಿ ವರದಿಯಾಯಿತು. ಅಮೈಲಾಯ್ಡ್ ತುಂಬಿತ್ತು, ಆದರೆ ಎಂಟೊರೈನಲ್‌ನಲ್ಲಿ ಟೌ ಕಡಿಮೆ. 2019ರಲ್ಲಿ ವರದಿಯಾದ ಒಬ್ಬ ಹೆಂಗಸಿನಲ್ಲಿ ಎಪಿಒಇ ಜೀನಿನ ಕ್ರೈಸ್ಟ್‌ಚರ್ಚ್ ಎಂಬ ಬದಲಾವಣೆ ಎರಡೂ ಪ್ರತಿಗಳಲ್ಲಿತ್ತು, ಎಪ್ಪತ್ತು ದಾಟುವವರೆಗೂ ಅವರಿಗೆ ಡಿಮೆನ್ಷಿಯಾ ಇರಲಿಲ್ಲ. ಇವೆರಡೂ ಡಿಎನ್‌ಎ ಅಕ್ಷರದ ಬದಲಾವಣೆಗಳು. ನಿಮ್ಮ ಪಟ್ಟಿಯಲ್ಲಿ ಎಪಿಒಇ ಏರಿದೆ ಅಂದ ಕೂಡಲೇ ಆ ಕಥೆಯನ್ನು ಇಲ್ಲಿಗೆ ತಂದು ಅಂಟಿಸಬೇಡಿ. ಜೀನಿನ ರೂಪ ಬೇರೆ, ಅದರ ಪ್ರಮಾಣ ಬೇರೆ.

ಹೆಜ್ಜೆ 10: ಒಂದೊಂದೇ ಕೋಶದ ಡೇಟಾದಲ್ಲಿ ಪರೀಕ್ಷೆ

ಉಳಿದ ಕೆಲವೇ ಜೀನ್‌ಗಳು ಯಾವ ಕೋಶದವು ಅಂತ ನೋಡಲು ಸಿಯಾಟಲ್ ಅಟ್ಲಾಸ್ ಎಂಬ ಆಲ್ಝೈಮರ್ ಮಿದುಳಿನ ಕೋಶಗಳ ಡೇಟಾ ಒಳ್ಳೆಯದು. ಅಲೆನ್ ಇನ್‌ಸ್ಟಿಟ್ಯೂಟ್‌ನವರದ್ದು, 84 ದಾನಿಗಳು, ಸೆಲ್‌ಬೈಜೀನ್ ಎಂಬ ತಾಣದಲ್ಲಿ ಬ್ರೌಸರ್‌ನಲ್ಲೇ ನೋಡಬಹುದು. ಪೂರ್ತಿ ಫೈಲ್ ಹತ್ತಾರು ಜಿಬಿ, ಹಾಸ್ಟೆಲ್ ವೈಫೈಯಲ್ಲಿ ಅದಕ್ಕೆ ಕೈಹಾಕಬೇಡಿ. ಸೊಮಾಟೊಸ್ಟಾಟಿನ್ ನರಕೋಶಗಳು ಕಾಯಿಲೆಯಲ್ಲಿ ಬೇಗನೆ ಕಡಿಮೆಯಾಗುತ್ತವೆ ಅಂತ ಈ ಅಟ್ಲಾಸ್ ತೋರಿಸಿದೆ, ನಿಮ್ಮ ಜೀನ್ ಅವುಗಳಲ್ಲಿ ಇದೆಯಾ ನೋಡಿ.

ಇಲ್ಲಿ ನೀವೇ ಲೆಕ್ಕ ಮಾಡುವುದಾದರೆ ಒಂದು ನಿಯಮ. ಒಬ್ಬರ ಮಿದುಳಿನಿಂದ ಬಂದ ಸಾವಿರ ಕೋಶ ಸಾವಿರ ಜನ ಅಲ್ಲ. ಪ್ರತಿ ವ್ಯಕ್ತಿಯ, ಪ್ರತಿ ಕೋಶಜಾತಿಯ ಲೆಕ್ಕ ಒಟ್ಟುಗೂಡಿಸಿ, ಅಂದರೆ ಸ್ಯೂಡೋಬಲ್ಕ್ ಮಾಡಿ, ಆಮೇಲೆ ಹೋಲಿಸಿ. 2019ರಲ್ಲಿ 48 ಮಂದಿಯ 80,660 ಕೋಶಕೇಂದ್ರಗಳ ಮೇಲೆ ಬಂದ ಪ್ರಸಿದ್ಧ ಆಲ್ಝೈಮರ್ ಅಧ್ಯಯನವನ್ನು 2023ರಲ್ಲಿ ಬೇರೆ ತಂಡ ಹೀಗೆ ಮರುಲೆಕ್ಕ ಮಾಡಿದಾಗ, ಬದಲಾದ ಜೀನ್‌ಗಳ ಸಂಖ್ಯೆ 549 ಪಟ್ಟು ಕಡಿಮೆಯಾಯಿತು. ದೊಡ್ಡ ಪತ್ರಿಕೆಯಲ್ಲಿ ಬಂದದ್ದೆಲ್ಲ ಕಲ್ಲಿನ ಮೇಲಿನ ಗೆರೆ ಅಂತ ಇಟ್ಟುಕೊಳ್ಳಬಾರದು ಅನ್ನಲು ಇಷ್ಟು ಸಾಕು.

ಹೆಜ್ಜೆ 11: ರಿಪೋರ್ಟ್

"ಈ ಜೀನ್ ಮಿದುಳನ್ನು ಕಾಪಾಡುತ್ತದೆ" ಅಂತ ಬರೆಯಬೇಡಿ. "ಲಕ್ಷಣ ಇಲ್ಲದ ಗುಂಪಿನ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ ಈ ಜೀನಿನ ಆರ್‌ಎನ್‌ಎ ಹೆಚ್ಚಿತ್ತು, ಕೋಶಗಳ ಪಾಲು ಸೇರಿಸಿದ ಮೇಲೂ ಹೆಚ್ಚೇ ಇತ್ತು" ಅಂತ ಬರೆಯಿರಿ. ಸತ್ತ ಮಿದುಳು ಒಂದೇ ಕ್ಷಣದ ಫೋಟೋ, ಯಾವುದು ಕಾರಣ ಯಾವುದು ಪರಿಣಾಮ ಅಂತ ಅದು ಹೇಳುವುದಿಲ್ಲ. ಆರ್‌ಎನ್‌ಎ ಹೆಚ್ಚಿದರೆ ಪ್ರೋಟೀನೂ ಹೆಚ್ಚಿದೆ ಅಂತಲ್ಲ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದು "ಹಾಗಾದರೆ ಯಾವ ಟೆಸ್ಟ್ ಮಾಡಿಸಬೇಕು" ಅಂತ ನಿಮ್ಮನ್ನು ಕೇಳಿದರೆ, ಈ ಪಟ್ಟಿಯಿಂದ ಉತ್ತರ ಕೊಡಬೇಡಿ, ನ್ಯೂರಾಲಜಿ ಡಾಕ್ಟರ ಹತ್ತಿರ ಕಳಿಸಿ.

ಜೀನ್ ಒಂದೂ ಉಳಿಯದಿದ್ದರೂ ಪ್ರಾಜೆಕ್ಟ್ ಬಿದ್ದುಹೋಗುವುದಿಲ್ಲ. ಮೊದಲ ಪಟ್ಟಿ ಎಷ್ಟಿತ್ತು, ವಯಸ್ಸು ಸೇರಿಸಿದಾಗ ಎಷ್ಟಾಯಿತು, ಕೋಶಗಳ ಪಾಲು ಸೇರಿಸಿದಾಗ ಎಷ್ಟಾಯಿತು, ಕಿರುಮಿದುಳಿನ ಪರೀಕ್ಷೆಯಲ್ಲಿ ಎಷ್ಟು ಬಿದ್ದವು ಅಂತ ಒಂದು ಟೇಬಲ್ ಹಾಕಿ. ನಾನು ಪರೀಕ್ಷಕನಾಗಿದ್ದರೆ ಜೀನ್‌ಗಳ ಹೆಸರಿಗಿಂತ ಮೊದಲು ಆ ಟೇಬಲನ್ನೇ ಕೇಳುತ್ತೇನೆ. ಕೊನೆಗೆ ಆರ್‌ನ ಸೆಷನ್‌ಇನ್ಫೋ ಓಡಿಸಿ, ಪ್ಯಾಕೇಜುಗಳ ಆವೃತ್ತಿಗಳ ಆ ಪಟ್ಟಿಯನ್ನು ಕೋಡ್ ಜೊತೆ ಅನುಬಂಧದಲ್ಲಿ ಸೇರಿಸಿ. ಮುಂದಿನ ಬ್ಯಾಚಿನವರು ಅಲ್ಲಿಂದಲೇ ಶುರು ಮಾಡಬಹುದು.